ನಾಲ್ಕುನೂರ ಎಪ್ಪತ್ತೊಂದು

ಸುಲ್ತಾನಪೇಟೆಯ ಗಲ್ಲಿಯಲ್ಲಿ ನನ್ನದೊಂದು ಹಳೇ ಆಫ್‌ಸೆಟ್ಟು.
ಮೂವತ್ತೊಂದು ವರ್ಷದಿಂದ ಒಂದೇ ಕಸುಬು:
ಎಣ್ಣೆ ನೀರು ಒಂದಾಗದ ಹಾಗೆ ಕಾಯುವುದು.
ಪ್ಲೇಟಿನಲ್ಲಿ ಅಕ್ಷರವಿದ್ದ ಕಡೆ ಇಂಕು ಕೂರಬೇಕು,
ಇಲ್ಲದ ಕಡೆ ನೀರು.
ಇಂಕು ನೀರು ಕುಡಿಯಿತೋ, ಕೆಟ್ಟಿತು.
ಕಪ್ಪು ಬೂದಿಯಾಗುತ್ತದೆ,
ಲಗ್ನಪತ್ರಿಕೆಯ ಕೆಂಪು, ತೊಳೆದ ಕುಂಕುಮ.

ಹೋದ ಬುಧವಾರ ಸ್ಕೂಟರಿನಲ್ಲಿ ಬಂದವಳು ಮೇದಿನಿ.
ಕಾಮಾಕ್ಷಿಪಾಳ್ಯದ ಶೆಡ್ಡೊಂದರಲ್ಲಿ
ತೆಂಗಿನ ಹಾಲಿನ ಐಸ್‌ಕ್ರೀಮು ಮಾಡುತ್ತಾಳೆ.
ಎರಡು ಸಾವಿರ ಲೇಬಲ್ಲು ಬೇಕು,
ಡಬ್ಬಿಯ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರ:
ತೆಂಗಿನ ಹಾಲು, ಸಕ್ಕರೆ, ಹಲಸು,
ಎಮಲ್ಸಿಫೈಯರ್ ೪೭೧.

‘ಇದೇನಮ್ಮ, ಮೆಜೆಸ್ಟಿಕ್ ಬಸ್ಸಿನ ನಂಬರಾ?’
‘ಎಣ್ಣೆ ನೀರು ಸೇರಿಸೋದು ಸಾರ್.
ತಲೆಗೆ ನೀರಂದ್ರೆ ಇಷ್ಟ, ಬಾಲಕ್ಕೆ ಎಣ್ಣೆ.
ಮಧ್ಯದಲ್ಲಿ ನಿಂತು ಇಬ್ಬರನ್ನೂ ಹಿಡ್ಕೊಳ್ಳುತ್ತೆ.’
ನಾನು ಮೆಷಿನ್ನಿನ ಕಡೆ ನೋಡಿದೆ.
ಇಷ್ಟು ವರ್ಷದ ನನ್ನ ಶತ್ರುವಿಗೆ ಒಂದು ನಂಬರೂ ಇದೆ, ಸಂಬಳವೂ ಇದೆ.

ಹೆಲ್ಪರ್ ಫಯಾಜ್ ಕೇಳಿದ: ‘ತಿಂದ್ರೆ ಏನೂ ಆಗಲ್ವಾ?’
‘ಕೊಬ್ಬನ್ನ ಅರ್ಧ ಒಡೆದ್ರೆ ಸಿಗೋದು ಇದು.
ಊಟ ಆದ್ಮೇಲೆ ನಿನ್ನ ಹೊಟ್ಟೆನೂ ಅದನ್ನೇ ಒಡೀತಾ ಇರುತ್ತೆ.
ಸರ್ಕಾರದ ಪಟ್ಟಿಯಲ್ಲಿದೆ, ಹಾಕಬಹುದು.
ಇದರ ಬಳಗದ ಬೇರೆ ಕೆಲವು ನಂಬರಿನ ಮೇಲೆ
ಇಲಿಗಳ ಕರುಳಲ್ಲಿ ಇನ್ನೂ ಪರೀಕ್ಷೆ ನಡೀತಿದೆ.
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬೇಕು, ಅಷ್ಟೆ.’

ಆದರೆ ಪ್ರಿಂಟು ಹಾಕಲು ಬಿಡಳು.
ಪೀಣ್ಯದ ಸಪ್ಲೈಯರು ಪತ್ರ ಕೊಡಬೇಕಂತೆ:
ಈ ಕೊಬ್ಬು ತಾಳೆಯದೋ, ಸೋಯಾದ್ದೋ, ದನದ್ದೋ.
‘ಒಡೆದ ಮೇಲೆ ಎಲ್ಲಾ ಒಂದೇ ಥರ ಸಾರ್.
ನಂಬರಿಗೆ ತವರು ನೆನಪಿರಲ್ಲ.’

ಗುರುವಾರ ಬಂದಳು. ಪತ್ರ ಬರಲಿಲ್ಲ.
ಶುಕ್ರವಾರ ಪೀಣ್ಯದವನು ಫೋನೇ ಎತ್ತಲಿಲ್ಲ.
‘ಹಸಿರು ಚುಕ್ಕಿ ಇದೆಯಲ್ಲಮ್ಮ, ಯಾರು ಕೇಳ್ತಾರೆ’ ಅಂದೆ.
‘ಚುಕ್ಕಿಗೆ ಹಾಲು ನಡೆಯುತ್ತೆ, ತುಪ್ಪ ನಡೆಯುತ್ತೆ.
ನನಗೆ ನಡೆಯಲ್ಲ.’
ಹೆಸರಘಟ್ಟದ ಹತ್ತಿರ ಅಜ್ಜನ ಕೊಟ್ಟಿಗೆಯಿತ್ತಂತೆ.
ಗಂಡುಕರುಗಳು ಎಲ್ಲಿ ಹೋಗುತ್ತವೆಂದು
ಒಂಬತ್ತನೇ ವಯಸ್ಸಿಗೆ ಕೇಳಿದ್ದಳಂತೆ.
ಅಷ್ಟು ಹೇಳಿ ಹೆಲ್ಮೆಟ್ಟು ಹಾಕಿಕೊಂಡಳು.

ಶನಿವಾರ ಎಣ್ಣೆಸ್ನಾನ.
ನಾನೂ ನನ್ನ ತಮ್ಮನೂ ಎಣ್ಣೆ ಸೀಗೆಕಾಯಿ
ಎಂದು ಹೆಂಡತಿ ನೆಂಟರಿಗೆಲ್ಲ ಹೇಳುತ್ತಾಳೆ.
ತಲೆಗೆ ಪುಡಿ ತಿಕ್ಕುತ್ತ ಅನ್ನಿಸಿತು:
ಈ ಮಾತು ಕಟ್ಟಿದವರು ಬಚ್ಚಲಲ್ಲಿ
ಉರಿಗೆ ಹೆದರಿ ಕಣ್ಣು ಮುಚ್ಚಿದ್ದಿರಬೇಕು.
ತೆರೆದಿದ್ದರೆ ಕಾಣುತ್ತಿತ್ತು,
ಸೀಗೆ ಎಣ್ಣೆಯನ್ನು ಹೊಡೆದೋಡಿಸುವುದಿಲ್ಲ,
ನೊರೆಯಲ್ಲಿ ಕೈಹಿಡಿದು
ನೀರಿನ ಜೊತೆ ಕಳಿಸಿಕೊಡುತ್ತದೆ.
ತಮ್ಮನಿಗೆ ಫೋನು ಮಾಡಲಿಲ್ಲ.
ಮಾಡಬಹುದು ಅಂತ ಮಾತ್ರ ಅಂದುಕೊಂಡೆ.

ಸೋಮವಾರ ಪತ್ರ ಬಂತು, ಮೊಬೈಲಿನಲ್ಲಿ, ಸೀಲು ಸಮೇತ:
ತಾಳೆ. ಪ್ರಾಣಿಜನ್ಯವಲ್ಲ.
ಮೇದಿನಿ ನಗಲಿಲ್ಲ. ‘ತಾಳೆಗೆ ಕಡಿದ ಕಾಡಿನ ಲೆಕ್ಕ
ಇನ್ನೊಂದು ದಿನ’ ಅಂದಳು.
ನಂಬರಿನ ಪಕ್ಕ ಒಂದು ಪದ ಸೇರಿಸಬೇಕಿತ್ತು: ಸಸ್ಯಮೂಲ.
ಅದಕ್ಕೆ ಹೊಸ ಪ್ಲೇಟು, ದುಡ್ಡು ಅವಳದ್ದೇ.

ಮೊದಲ ಅರವತ್ತು ಶೀಟು ಹಾಳು.
ಇಂಕು ನೀರು ಕುಡಿದಿತ್ತು.
ಏಳು ಒಂದಾಗಿ, ಒಂದು ಇಲ್ಲವೇ ಆಗಿ,
ಸಸ್ಯ ಮಾಸಿ ಮೂಲ ಮಾತ್ರ ಉಳಿದಿತ್ತು.
ನೀರು ಕಟ್ಟಿದೆ, ರೋಲರು ಒರೆಸಿದೆ,
ಕಣ್ಣಿಗೆ ಲೆನ್ಸು ಹಿಡಿದೆ:
ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ ನಿಂತಿತು ೪೭೧.

ಹೋಗುವಾಗ ಒಂದು ಡಬ್ಬಿ ಇಟ್ಟು ಹೋದಳು.
ಕರೆಂಟು ಹೋದ ಮಧ್ಯಾಹ್ನ, ನಾನೂ ಫಯಾಜೂ, ಒಂದೇ ಚಮಚ.
ಅರ್ಧ ಕರಗಿದರೂ
ಎಣ್ಣೆ ಮೇಲೆ ತೇಲಲಿಲ್ಲ, ನೀರು ಕೆಳಗೆ ಇಳಿಯಲಿಲ್ಲ.
ಎದುರಿಗೆ ನಿಂತ ಮೆಷಿನ್ನಿನಲ್ಲಿ
ಅವೆರಡೂ ಅವವರ ಜಾಗದಲ್ಲಿ ಒಣಗುತ್ತಿದ್ದವು.

ಹಲಸು ಸ್ವಲ್ಪ ಹೆಚ್ಚಾಗಿತ್ತು.
ಅವಳಿಗೆ ಹೇಳಬೇಕು.