ಅದು ಬಂತು

ಓಲೆ ಬಿಚ್ಚಿ ಅಂದರು ಗೇಟಿನಲ್ಲಿ.
ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.
ಏಯ್, ನೀನೇ, ಬಳೆ ತೆಗಿ ಎಂದವನು
ಹಾಲ್ ಟಿಕೆಟ್ಟಿನಲ್ಲಿ ಹುಟ್ಟಿದ ಇಸವಿ ನೋಡಿ
ತಾವು ಈ ಕಡೆ ಬನ್ನಿ, ಎಂದ.
ನಡುವೆ ಒಂದು ‘ನೀವು’ ಹಾರಿಯೇ ಹೋಯಿತು.

ಹಾಸನ. ಸಾಲಗಾಮೆ ರಸ್ತೆಯ ಹೈಸ್ಕೂಲು.
ದುದ್ದದಿಂದ ಮೊದಲ ಬಸ್ಸಿಗೆ ಬಂದಿದ್ದೇನೆ.
ಬೆಂಚು ಮೊಣಕಾಲಿಗೆ ತಾಗುತ್ತದೆ.
ಹನ್ನೊಂದು ವರ್ಷ ಅಂಗನವಾಡಿಯ ಸಾರು ಕಲಕಿದ ಕೈಗೆ
ಕಪ್ಪು ಶಾಯಿಯ ಪೆನ್ನು.
ತಪ್ಪಾದರೆ ಕಾಲು ಅಂಕ ಕಡಿತ.

ಹದಿನೇಳು.
ರಂಗಪ್ಪನು ______ ತಪ್ಪನ್ನು ಒಪ್ಪಿಕೊಂಡನು.
ಅವನ, ತನ್ನ, ತಮ್ಮ, ಅದರ.
ಆರಾಧ್ಯ ಮೇಷ್ಟ್ರು ಹೇಳಿಕೊಟ್ಟಿದ್ದಾರೆ:
‘ಅವನ’ ಅಂದಿರೋ, ತಪ್ಪು ಪಕ್ಕದ ಮನೆಯವನದಾಗುತ್ತದೆ.
ನಾನು ಕಂಡ ರಂಗಪ್ಪಂದಿರೆಲ್ಲ
ಪಕ್ಕದ ಮನೆಯವನದನ್ನೇ ಒಪ್ಪಿಕೊಂಡವರು!
ಆದರೂ ‘ತನ್ನ’.
ವೃತ್ತ ತುಂಬಿದೆ, ಅಂಚು ದಾಟದ ಹಾಗೆ.

ಇಪ್ಪತ್ತೆರಡು.
‘ಹೊಟ್ಟೆಗೆ ಹಾಕಿಕೊ’, ಈ ನುಡಿಗಟ್ಟಿನ ಅರ್ಥ:
ಊಟ ಮಾಡು, ಕ್ಷಮಿಸು, ಲಂಚ ತಿನ್ನು, ಬಸಿರಾಗು.
ಗೊತ್ತು ನನಗೆ. ಎರಡನೆಯದು.
ಗಂಜಿಯ ಲೋಟ ಆಚೆ ತಳ್ಳಿ
ನೀನೇ ಹೊಟ್ಟೆಗೆ ಹಾಕ್ಕೊಳೇ, ಅಂದಿದ್ದರು
ನಮ್ಮತ್ತೆ, ಕೊನೇ ವಾರ.
ಗಂಜಿಯನ್ನೋ, ಹದಿನಾರು ವರ್ಷವನ್ನೋ,
ಕೇಳಲಿಲ್ಲ.
ಕುಡಿದೆ.

ಮೂವತ್ತೊಂದರಲ್ಲಿ ಪೆನ್ನು ನಿಂತಿತು.
ವ್ಯಾಕರಣಬದ್ಧವಾದ ವಾಕ್ಯ ಆರಿಸಿ:
ಹುಡುಗಿ ಬಂದನು. ಹುಡುಗಿ ಬಂತು.
ಹುಡುಗಿ ಬಂದಳು. ಹುಡುಗಿ ಬಂದವು.

ಅಜ್ಜಿಯ ಬಾಯಲ್ಲಿ ನಾನು ಯಾವತ್ತೂ ‘ಬಂದಳು’ ಆಗಲಿಲ್ಲ.
ಕರು ಬಂತು, ಕರೆಂಟು ಬಂತು, ಹೊಂಬಾಳು ಬಂತು.
ಸ್ಕೂಲಿನಿಂದ ತಿರುವಿನಲ್ಲಿ ಕಂಡರೆ ಸಾಕು
ಒಳಕ್ಕೆ ಕೂಗುವಳು:
ಅದು ಬಂತು ಕಣ್ರೇ, ರೊಟ್ಟಿ ಕೊಡಿ ಅದಕ್ಕೆ,
ಕಾಲು ನೋಯ್ತಾವಂತೆ ಪಾಪ ಅದಕ್ಕೆ.

ಅದೇ ‘ಅದು’ ಅತ್ತೆಮನೆಯಲ್ಲಿ
ಇನ್ನೂ ಏನ್ ಮಾಡ್ತೈತಂತೆ ಅದು ಒಳಗೆ? ಎಂದಾಗ
ತೊಳೆದ ಪಾತ್ರೆಯ ಹಾಗೆ
ಕವುಚಿಕೊಂಡು ಕೂತಿದ್ದೇನೆ.
ಇದಕ್ಕೆ ಯಾವ ಸೂತ್ರ ಅಂತ
ಮೇಷ್ಟ್ರ ನೋಟ್ಸಿನಲ್ಲಿ ಹುಡುಕಿದ್ದೆ. ಇರಲಿಲ್ಲ.

ಬಿಟ್ಟರೆ ಕಡಿತವಿಲ್ಲ.
ಬಿಡಲಿಲ್ಲ. ವಯಸ್ಸಿನ ಮಿತಿಗೆ ಇನ್ನು ಎಂಟೇ ತಿಂಗಳು,
ಅಂಕ ಬೇಕು ನನಗೆ.
ಮೂರನೆಯದನ್ನು ಒತ್ತಿ ಕಪ್ಪು ಮಾಡಿದೆ
ಎಡಗೈ ಮರೆಮಾಡಿ,
ಅಜ್ಜಿಗೆ ಕಾಣದ ಹಾಗೆ.

ಓಲೆಯ ಗಂಟು ಬಿಚ್ಚುವುದನ್ನೂ ಮರೆತು
ಸ್ಟ್ಯಾಂಡಿಗೆ ಬಂದರೆ ಬಸ್ಸು ಹೊರಟೇಬಿಟ್ಟಿದೆ.
ಓಡಿದೆ. ಚಪ್ಪಲಿ ಕೈಗೆ ತಗೊಂಡು ಓಡಿದೆ.
ಫುಟ್‌ಬೋರ್ಡಿನ ಮೇಲೆ ಯಾರೋ ಹಣ್ಣು ಮಾರುವ ಮುದುಕಿ
ಬಸ್ಸಿನ ತಗಡು ಬಡಿಯುತ್ತಿದ್ದಳು:
ತಡಿಯಪ್ಪೋ ಡ್ರೈವರಣ್ಣ, ತಡಿ,
ಇನ್ನೂ ಒಂದು ಹೆಣ್ಣು ಬರ್ತಾ ಐತೆ.