ಐದು ಲೀಟರ್

ಚಳ್ಳಕೆರೆಯಲ್ಲಿ ಎಣ್ಣೆ ಅಂದರೆ ಶೇಂಗಾ.
ನಾನು ಹುಡುಕುತ್ತಿದ್ದದ್ದು ಬೇರೆ:
ಹತ್ತು ಡಬ್ಲ್ಯೂ ಅರವತ್ತು, ಎಸ್ಟರ್ ಬೆರೆತದ್ದು,
ಟರ್ಬೊ ಕೆಂಪಗೆ ಕಾದಾಗಲೂ
ನೀರಾಗಿ ಓಡಿಹೋಗದ್ದು.

ದಾವಣಗೆರೆಯ ಗೌಸ್‌ಪೀರ್ ನಕ್ಕ:
"ಟ್ರ್ಯಾಕ್ಟರಿಗೆ ಕೇಳು, ಬುಲೆಟ್ಟಿಗೆ ಕೇಳು,
ಈ ನಂಬರು ನಮ್ಮ ಕಡೆ ಯಾರೂ ಕುಡಿಯಲ್ಲ."
ಕೊನೆಗೆ ಕೊಯಮತ್ತೂರಿನಿಂದ ಪಾರ್ಸೆಲ್.
ಲಾರಿ ಆಫೀಸಿನ ಮೂಲೆಯಲ್ಲಿ
ಈರುಳ್ಳಿ ಚೀಲಕ್ಕೆ ಒರಗಿ
ಮೂರು ದಿನ ನನ್ನನ್ನು ಕಾದಿತ್ತು.

ಡಬ್ಬಿ ಚೆಂದ. ಹೊಲೊಗ್ರಾಂ ಮಿನುಗು.
ಮುಚ್ಚಳದ ಉಂಗುರದಲ್ಲಿ ಮಾತ್ರ
ಒಂದು ಹಲ್ಲು ಸಡಿಲ.

ಬೋರಮ್ಮ, ನಮ್ಮವ್ವ.
ಇಪ್ಪತ್ತೆರಡು ವರ್ಷ ಮಿಲ್ಲಿನಲ್ಲಿ
ಕಲಬೆರಕೆ ಹಿಡಿದ ಕೈ.
ಕೇಳದೆಯೇ ಬೆರಳದ್ದಿದಳು,
ಹೆಬ್ಬೆರಳಿಗೆ ಉಜ್ಜಿ ಮೂಗಿಗೊಯ್ದಳು:
"ಇದು ಒಂದ್ಸಲ ಕಾದು ಬಂದೈತೆ ಕಣೋ."

ಅವ್ವಾ, ಇದು ಬಜ್ಜಿ ಕರಿಯೋದಲ್ಲ,
ಲ್ಯಾಬಿನಲ್ಲಿ ಹುಟ್ಟಿದ್ದು, ಸರ್ಟಿಫಿಕೇಟ್ ಇದೆ,
ಜರ್ಮನಿಯ ಮೊಹರಿದೆ.
"ಇರಲಿ ಬಿಡು" ಅಂದು
ಸೆರಗಿಗೆ ಕೈ ಒರೆಸಿಕೊಂಡಳು.
ಆ ಕಲೆ ಎರಡು ಒಗೆತಕ್ಕೂ ಹೋಗಿಲ್ಲ.

ಸುರಿಯಲಿಲ್ಲ ನಾನು.
ಹದಿಮೂರು ಸಾವಿರ ರೂಪಾಯಿ
ಹಾಗೇ ಸ್ಟೂಲಿನ ಮೇಲೆ ಕೂತಿದೆ.
ಹಳೆಯದನ್ನು ಬಸಿದಾಗಿದೆ; ಬಾನೆಟ್ಟೆತ್ತಿದ ಕಾರು
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದ ಹಾಗೆ
ಬಾಯಿ ತೆರೆದು ಮಾತಿಲ್ಲದೆ ನಿಂತಿದೆ.
ಹೊರಗೆ ದುರ್ಗದ ರಸ್ತೆ,
ಈ ಹೊತ್ತಿಗೆ ಖಾಲಿ, ಹೊಟ್ಟೆ ಉರಿಯುವಷ್ಟು ನೇರ.

ನಾಳೆ ಆರರ ಬಸ್ಸಿಗೆ ಹುಬ್ಬಳ್ಳಿ.
ಅಂಗಡಿಯಿಂದ ಅಂಗಡಿಗೆ
ಅವಳ ಮೂಗು, ನನ್ನ ನಂಬರು.
"ಗೆದ್ದರೆ ನನ್ನನ್ನೂ ಒಂದು ಸುತ್ತು ಹೊಡೆಸು" ಅಂತಾಳೆ.
ಟಿಕೆಟ್ ನನಗೊಬ್ಬನಿಗೇ.
ಅವಳಿಗೆ ಬಸ್ಸು ಪುಕ್ಕಟೆ.