ಪ ಬ ಮ

ಕಾಗದದ ಚೂರು ಅಲುಗಿದರೆ ಪ.
ಗಂಟಲು ನಡುಗಿದರೆ ಬ.
ಮೂಗಿನ ಮೇಲೆ ಬೆರಳಿಟ್ಟಾಗ
ಇರುವೆ ಹರಿದಂತಾದರೆ ಮ.
ಕನ್ನಡಿಯೊಳಗಿನ ತುಟಿಗೆ ಮೂರೂ ಒಂದೇ:
ಮುಚ್ಚಿತು, ತೆರೆಯಿತು.

ಅಪ್ಪನನ್ನು ಅಮ್ಮನಿಂದ ಬಿಡಿಸಿಕೊಳ್ಳಲು
ನನ್ನ ಬಾಯಿಗೆ ಎರಡು ವರ್ಷ ಹಿಡಿಯಿತು.
ಕಣ್ಣಿಗೆ ತೊಟ್ಟಿಲಲ್ಲೇ ಗೊತ್ತಿತ್ತು.

ಪಂಕಜಾಕ್ಷಿ ಟೀಚರ್ ಕೆಟ್ಟವರಲ್ಲ.
ಹನ್ನೊಂದು ಮಕ್ಕಳ ಅಂಗೈಗೆ ದಿನವೂ
ತಮ್ಮ ಗಂಟಲು ಕೊಡುತ್ತಿದ್ದರು,
ಬೆವರಿದ, ಸೀಮೆಸುಣ್ಣ ಮೆತ್ತಿದ ಅಂಗೈಗಳಿಗೆ.
ಸಂಜೆ ಹೊತ್ತಿಗೆ ಅವರ ಕುತ್ತಿಗೆ ಸುತ್ತ
ನಮ್ಮ ಬೆರಳುಗಳ ಬಿಳಿ ಗುರುತು.
ಆದರೆ ಕೈ ಮೇಲೆದ್ದರೆ ಸ್ಕೇಲು.
ಕೈ ಮಾತಾಡಿದರೆ ನಾಲಿಗೆ ಸೋಮಾರಿಯಾಗುತ್ತಂತೆ.
ತೊಡೆಯ ಕೆಳಗೆ ಕೈಯಿಟ್ಟು ಕೂತು ಕೂತು
ನನ್ನ ಬೆರಳು ಕಲಿತ ಮೊದಲ ಪದ ಜೋಮು.

ಮಂಡಕ್ಕಿ ಭಟ್ಟಿ ಓಣಿಯ ಮುಬೀನಾ
ಕೂದಲ ತುಂಬ ಹೊಟ್ಟಿನ ಬೂದಿ ಹೊತ್ತು ಬಂದು
ಕಕ್ಕಸಿನ ಹಿಂದೆ ನಿಲ್ಲಿಸಿಕೊಂಡು
ಭಾನುವಾರದ ಸಿನಿಮಾ ಇಡೀ ಹೇಳುತ್ತಿದ್ದಳು
ಎರಡೇ ಕೈಯಲ್ಲಿ, ಕುದುರೆ, ಮಳೆ, ಖಳನಾಯಕನ ಹುಬ್ಬು ಸಮೇತ.
ಅದೇ ಹುಡುಗಿ ತರಗತಿಯಲ್ಲಿ
"ನೀರು" ಅನ್ನಲಾರದೆ ಮಧ್ಯಾಹ್ನದವರೆಗೆ ಬಾಯಾರಿ ಕೂತಿದ್ದಳು.

ಅಪ್ಪನಿಂದ ಶಾಲೆ ಸಹಿ ಹಾಕಿಸಿಕೊಂಡಿತ್ತು:
ಮನೆಯಲ್ಲಿ ಸನ್ನೆ ಮಾಡುವುದಿಲ್ಲ. ಇಂತಿ,
ಹಾಲೇಶಪ್ಪ, ಮಗ್ಗದ ಖಾತೆ, ಮೂರನೇ ಪಾಳಿ.
ಅವನು ಮಾತಿಗೆ ತಪ್ಪಲಿಲ್ಲ.
ಉಣ್ಣಲು ಕರೆಯಬೇಕಾದರೂ ಬಾಯಿ ಇಷ್ಟಗಲ ಮಾಡಿ
"ಬಾ" ಅನ್ನುತ್ತಿದ್ದ. ನನಗದು "ಮಾ" ಎಂದು ಕಾಣುತ್ತಿತ್ತು.

ಒಂದು ದಿನ ಬುತ್ತಿ ಕೊಡಲು ಮಿಲ್ಲಿಗೆ ಹೋದೆ.
ಮಗ್ಗಗಳ ಸದ್ದು ಅಂಗಾಲಿನಿಂದ ಹತ್ತಿ
ಹಲ್ಲಿನವರೆಗೂ ಬಂತು.
ಒಳಗೆ ಎಲ್ಲರೂ ಕಿವುಡರು!
ಎರಡು ಬೆರಳು ಕತ್ತರಿಸಿದರೆ ನೂಲು ಹರಿದಿದೆ.
ಕಿವಿಯ ಹಾಲೆ ಮುಟ್ಟಿದರೆ ಜಾಬರ್ ಬಂದ.
ಹೆಬ್ಬೆರಳು ಸುತ್ತಿಸಿದರೆ: ಸರಿ, ಓಡಲಿ ಮಗ್ಗ.
ನನ್ನಪ್ಪ ಮೂರು ಸಾಲಿನಾಚೆಯವನಿಗೆ
ಏನೋ ಪೋಲಿ ಜೋಕು ಹೇಳಿದ, ಮೊಣಕೈವರೆಗೂ ಹೇಳಿದ;
ಹತ್ತಿಯ ಧೂಳಲ್ಲಿ ಒಂದು ಸಾಲಿಡೀ ನಕ್ಕಿತು.
ಬಾಗಿಲಲ್ಲಿ ನನ್ನನ್ನು ಕಂಡದ್ದೇ
ಎರಡೂ ಕೈ ಜೇಬಿಗೆ ಹಾಕಿಕೊಂಡ,
ಕದ್ದ ಲಾಳಿ ಬಚ್ಚಿಟ್ಟವನಂತೆ.

ಅಪ್ಪಾ, ನಿನಗೆ ಇಷ್ಟೊಂದು ಮಾತು ಬರುತ್ತಿತ್ತೇ?

ಈಗ ಮಿಲ್ಲಿನ ಸೈರನ್ನು ಕೂಗುವುದಿಲ್ಲವಂತೆ.
ನನಗೆ ಯಾವಾಗ ಕೂಗಿತ್ತು?
ಹಳೇಪೇಟೆಯಲ್ಲಿ ಕಾಜಾ ಹಾಕುತ್ತೇನೆ, ಗುಂಡಿ ಹಚ್ಚುತ್ತೇನೆ.
ಈ ಸಾಲುಗಳಿಗೆ ವಿಭಕ್ತಿಗಳನ್ನೂ ಹಾಗೇ
ಒಂದೊಂದಾಗಿ ಹಚ್ಚಿದ್ದು. ಕೆಲವು ಸಡಿಲವಿದ್ದಾವು.

ಮೊನ್ನೆ ಪಿ.ಬಿ. ರಸ್ತೆಯ ಸಭಾಭವನದಲ್ಲಿ
ಕಿವುಡು ಮಕ್ಕಳಿಗೆ ಸನ್ನೆಯೋ ಮಾತೋ ಎಂದು ಚರ್ಚೆ.
ಮೈಕು ಇಬ್ಬರ ತುಟಿಯನ್ನೂ ಮುಚ್ಚಿತ್ತು.
ಸನ್ನೆಯ ಪರ ನಿಂತವರ ಕೈ ತುಂಬ ಕಾಗದ.
ನಾನೂ ಮುಬೀನಾನೂ ಹಿಂದಿನ ಸಾಲಲ್ಲಿ ಕೂತು
ಅವಳ ಸೊಸೆಯ ದೂರು ಮುಗಿಸಿ
ಬೋಂಡಾ ತಿಂದು ಎದ್ದು ಬಂದೆವು.

ಯಾರಾದರೂ ಕೇಳಿದ್ದರೆ ಇಷ್ಟು ಹೇಳುತ್ತಿದ್ದೆ,
ಯಾವ ಪಕ್ಷಕ್ಕೆ ಬೀಳುತ್ತದೋ ನನಗೂ ತಿಳಿಯದು:
ಹತ್ತಿಯ ಧೂಳು ಎದೆಗಿಳಿದು
ಅಪ್ಪನ ಉಸಿರು ಒಂದಕ್ಷರಕ್ಕೂ ಸಾಲದಾದಾಗ
ಆಸ್ಪತ್ರೆಯ ಹೊದಿಕೆಯೊಳಗಿಂದ ಅವನ ಕೈ ಹೊರಬಂತು.
ಎರಡು ಬೆರಳು ಕತ್ತರಿಸಿದ.
ನಾನು ಬಾಯಿ ತೆರೆದು ಕರೆದೆ.
ಪ ಬಂತೋ ಮ ಬಂತೋ,
ಎದುರಿಗೆ ಕಾಗದದ ಚೂರಿರಲಿಲ್ಲ.
ನರ್ಸು ತಿರುಗಿ ನೋಡಿದಳು.
ಅಪ್ಪ ಹೆಬ್ಬೆರಳು ಸುತ್ತಿಸಿದ.